ದಾರವಿಲ್ಲದ ಸೇಬು

ಇದು ಉಪ್ಪುಖಾರ ಹಚ್ಚದ ನಿಜ ಸಂಗತಿ. ನಮ್ಮ ತಂಪು, ತೇವದ ಹಿತ್ತಲಲ್ಲಿ ಸೇಬಿನ ಮರ ವರ್ಷವೂ ಹೂ ಬಿಡುತ್ತಿತ್ತು, ಕಾಯಿ ಮಾತ್ರ ನಿಲ್ಲುತ್ತಿರಲಿಲ್ಲ. "ಈ ಸಲವೂ ಕೈಕೊಟ್ರೆ ಕಡಿದುಹಾಕೋದೇ," ಎಂದು ಚಿಕ್ಕಪ್ಪ ಗುಡುಗಿದ್ದರು. ಮರ ನೆಟ್ಟವಳು ಚಿಕ್ಕಮ್ಮ. ಅವಳ ಸಪ್ಪೆ ಮುಖ ನೋಡಲಾಗದೆ ನಾನು ಅಂಗಡಿಯಿಂದ ಕೆಂಪು ಸೇಬು ತಂದೆ. ಚಿಕ್ಕಪ್ಪ ಸ್ನಾನಕ್ಕೆ ಹೋದಾಗ ಇಬ್ಬರೂ ಸೇರಿ ಅವನ್ನು ಹಸಿರು ದಾರದಿಂದ ಕೊಂಬೆಗಳಿಗೆ ಕಟ್ಟಿದೆವು.

ಚಿಕ್ಕಪ್ಪ ಗರಗಸ ಹಿಡಿದೇ ಬಂದರು. ಒಂದು ಸೇಬನ್ನು ತಿರುಗಿಸಿ ನೋಡಿದರು.

"ಲೇ ತರಲೆ, ಈ ತೇವದಲ್ಲಿ ಒಂದು ಕಪ್ಪು ಚುಕ್ಕೆಯೂ ಇಲ್ಲದ ಸೇಬು ಬಿಡುತ್ತೇನೋ? ಯಾರ ಕಿವಿಗೆ ಹೂ ಇಡ್ತೀಯ?"

"ಚಿಕ್ಕಮ್ಮನೂ ಇದ್ಳು," ಎಂದು ನಾನು ಅವರದೇ ಗಡಸು ದನಿಯಲ್ಲಿ ಹೇಳಿದೆ.

"ನನ್ನನ್ಯಾಕೋ ಎಳೀತೀಯ!" ಎಂದಳು ಚಿಕ್ಕಮ್ಮ.

ಚಿಕ್ಕಪ್ಪ ಮುಖ ಗಂಟಿಕ್ಕಿ ದಾರ ಬಿಚ್ಚತೊಡಗಿದರು. ಎಲೆ ಸರಿಸಿದ ಕೈ ತಟ್ಟನೆ ನಿಂತಿತು. ಒಳಗೆ ನಿಂಬೆಗಾತ್ರದ ಸೇಬೊಂದು ತನ್ನ ತೊಟ್ಟಿನಲ್ಲೇ ತೂಗುತ್ತಿತ್ತು, ಮೈತುಂಬ ಚುಕ್ಕೆ. ಕಟ್ಟುವ ಭರದಲ್ಲಿ ನಮಗದು ಕಂಡೇ ಇರಲಿಲ್ಲ.

"ಇದನ್ನೂ ನೀವೇ ಕಟ್ಟಿದ್ರೇನೇ?"

"ಇಲ್ಲಾರೀ! ಇಷ್ಟು ಕೊಳಕು ಹಣ್ಣನ್ನ ಯಾರು ಕೊಂಡು ತರ್ತಾರೆ?"

ಚಿಕ್ಕಪ್ಪ ಗರಗಸವನ್ನು ಹುಲ್ಲಿನ ಮೇಲೆ ಹಾಕಿ ಜೋರಾಗಿ ನಕ್ಕುಬಿಟ್ಟರು. ನಗು ನಮಗೂ ಬಂತು. ಆದರೆ ಪಕ್ಕದ ಮನೆಯ ಕಿಟಕಿ ತೆರೆದುಕೊಂಡದ್ದು ಅವರ ನಗುವಿಗೆ.