ಶಾಲಿನಿ ತಂದ ಕೇಕು

ಪ್ರೇಮಮ್ಮ ಕೇಕಿನ ತುಂಡನ್ನು ಬಾಯಿಗಿಡುವ ಮೊದಲು ಮೂಗಿನ ಹತ್ತಿರ ಹಿಡಿದರು. ಜಗಲಿಯಲ್ಲಿ ಕೂತಿದ್ದವರೆಲ್ಲ ಮಾತು ನಿಲ್ಲಿಸಿದರು. ಗಿರಿಧರ್ ಸ್ಪೀಕರಿನಲ್ಲಿ ಬರುತ್ತಿದ್ದ ಹಾಡನ್ನೂ ತಗ್ಗಿಸಿದ.

"ಏಲಕ್ಕಿ ಹಾಕಿದೀಯಾ?" ಎಂದು ಪಕ್ಕದಲ್ಲಿದ್ದ ಶಾಲಿನಿಯನ್ನು ಕೇಳಿದರು.

"ಹೂಂ ಮಾಮಿ, ಸ್ವಲ್ಪ," ಎಂದಳು ಶಾಲಿನಿ, ಅಳುಕಿಲ್ಲದೆ.

ಪ್ರೇಮಮ್ಮ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ಇನ್ನೊಂದು ಚೂರು ಮುರಿದರು. ಸಂಜೆಯ ಕಾಫಿಯ ತಟ್ಟೆ ಹಿಡಿದು ಬಾಗಿಲ ಹತ್ತಿರ ನಿಂತಿದ್ದ ಭಾವನಾ ಆ ಚೂರುಗಳನ್ನೇ ಎಣಿಸುತ್ತಿದ್ದಳು.

ಕೇಕು ಮಾಡಿದವಳು ಭಾವನಾ, ಪ್ರೇಮಮ್ಮನವರ ಸ್ವಂತ ಸೊಸೆ. ಮದುವೆಯಾಗಿ ಎರಡು ವರ್ಷವಾದರೂ ಅತ್ತೆ ಅವಳ ಕೈಯಿಂದ ಒಂದು ತುತ್ತು ತಿಂದವರಲ್ಲ. ತಿನ್ನುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದವರೂ ಅಲ್ಲ. ಒಂದು ದಿನ ಒಪ್ಪತ್ತು, ಇನ್ನೊಂದು ದಿನ ಹೊಟ್ಟೆ ಸರಿಯಿಲ್ಲ, ಮತ್ತೊಂದು ದಿನ "ನನಗೆ ಅಂತ ಒಂದು ಹಿಡಿ ಅನ್ನ ಇಟ್ಕೊಂಡಿದೀನಿ, ಬಿಡು." ಮಂಡ್ಯದ ಗೌಡರ ಮನೆಯ ಹುಡುಗಿ ಮದರಾಸಿನ ಪುರಸೈವಾಕ್ಕಂನ ಮಾಧ್ವರ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಕೂಗಾಡಲಿಲ್ಲ, ಅಳಲಿಲ್ಲ. ಆರತಿ ಎತ್ತಿ ಒಳಗೆ ಕರೆದುಕೊಂಡರು, ಮಾರನೆಯ ದಿನದಿಂದ ತಮ್ಮ ಒಲೆ ಬೇರೆ ಮಾಡಿಕೊಂಡರು. ಕೂಗಾಡಿದ್ದರೆ ಭಾವನಾ ಎದುರು ಮಾತಾಡಿಯಾದರೂ ಹಗುರಾಗುತ್ತಿದ್ದಳು. ನಗುನಗುತ್ತಾ ತಟ್ಟೆ ಪಕ್ಕಕ್ಕೆ ಸರಿಸುವವರ ಜತೆ ಜಗಳ ಕಾಯುವುದು ಹೇಗೆ?

ಈ ಉಪಾಯ ಹೂಡಿದವನು ಅವಳ ಗಂಡ ತಿರುಮಲೇಶ. ಮೇ ತಿಂಗಳ ಅಗ್ನಿನಕ್ಷತ್ರದ ಬಿಸಿಲಿಗೆ ಮದರಾಸಿನ ಮನೆಗಳೆಲ್ಲ ಹಂಚಿನಂತೆ ಕಾದಿದ್ದವು. ಊರಾಚೆಯ ಕೋವಳಂ ದಾಟಿ ಸಮುದ್ರದ ಪಕ್ಕ ಒಂದು ಮನೆಯನ್ನು ಶನಿವಾರ ಭಾನುವಾರಕ್ಕೆ ಬಾಡಿಗೆಗೆ ಹಿಡಿದು, ಕೆಳಗಿನ ಮಹಡಿಯ ಗಿರಿಧರ್, ಶಾಲಿನಿ ಮತ್ತು ಅವರ ಮಗಳು ವೀಕ್ಷಾಳನ್ನು ಜತೆಗೆ ಕರೆದುಕೊಂಡಿದ್ದ. "ನೀನು ಮೊಟ್ಟೆ ಇಲ್ಲದ ಕೇಕ್ ಮಾಡು. ಶಾಲಿನಿ ಮಾಡಿದ್ದು ಅಂತ ಹೇಳೋಣ. ಅವರು ನಮ್ಮವರೇ, ಒಂದೇ ಮಠದವರು, ಅಮ್ಮ ತಿಂತಾಳೆ. ತಿಂದು ಚೆನ್ನಾಗಿದೆ ಅಂದಮೇಲೆ ನಾನೇ ಹೇಳ್ತೀನಿ. ಎಲ್ಲರೂ ನಕ್ಕುಬಿಟ್ರೆ ಮುಗೀತು," ಎಂದಿದ್ದ. ಭಾವನಾಳಿಗೆ ಇದು ಹಿಡಿಸಿರಲಿಲ್ಲ. ಆದರೂ ಆಸೆ ಕೆಟ್ಟದ್ದು. ಗುರುವಾರ ಸಂಜೆ ಅತ್ತೆ ಮಠಕ್ಕೆ ಹೋದಾಗ ಕೇಕು ಬೇಯಿಸಿ, ಅವರು ಬರುವುದರೊಳಗೆ ಕೆಳಗಿನ ಮನೆಗೆ ಸಾಗಿಸಿದ್ದಳು.

ಬೆಳಗಿನಿಂದ ಎಲ್ಲವೂ ಸಲೀಸಾಗಿ ನಡೆದಿತ್ತು. ಗಂಡಸರು ಅಲೆಗಳಲ್ಲಿ ಬಿದ್ದು ಎದ್ದು ಬಂದರು. ಶಾಲಿನಿ ಕಪ್ಪೆಚಿಪ್ಪು ಆರಿಸಿ ಬಾಗಿಲಿಗೆ ತೂಗುಹಾಕುವ ಮಾಲೆ ಕಟ್ಟಿದಳು. ಪ್ರೇಮಮ್ಮ ಕ್ರೋಶಾ ಕಡ್ಡಿ ಹಿಡಿದು ವೀಕ್ಷಾಳಿಗೆ ಹೂ ಹೆಣೆಯುವುದನ್ನು ಕಲಿಸಿದರು. ಇವರು ಕನ್ನಡದಲ್ಲಿ ಹೇಳುವುದು, ಅವಳು "ಸರಿ ಪಾಟ್ಟಿ, ಅಪ್ಪುರಂ?" ಎಂದು ಮುಂದಿನ ಹೆಣಿಗೆಯನ್ನು ತಮಿಳಿನಲ್ಲಿ ಕೇಳುವುದು. ಇಬ್ಬರಿಗೂ ಏನೂ ತೊಂದರೆಯಾಗಲಿಲ್ಲ.

ಈಗ ಕೇಕಿನ ತುಂಡು ಮುಗಿಯಿತು. ಪ್ರೇಮಮ್ಮ ಬೆರಳಿಗಂಟಿದ ಪುಡಿಯನ್ನೂ ಬಿಡಲಿಲ್ಲ.

"ಇನ್ನೊಂದು ಕೊಡೇ ಶಾಲಿನಿ," ಎಂದರು. "ಬೆಣ್ಣೆ ಹಾಗೆ ಕರಗುತ್ತಲ್ಲ! ಏನೇನು ಹಾಕ್ದೆ?"

ಗಂಡ ಈಗ ಬಾಯಿ ತೆರೆಯಬೇಕಿತ್ತು. ಭಾವನಾ ಅವನ ಕಡೆ ನೋಡಿದಳು. ತಿರುಮಲೇಶ ಕಾಫಿ ಲೋಟದೊಳಗೆ ನೊಣ ಬಿದ್ದವನಂತೆ ಅದನ್ನೇ ನೋಡುತ್ತಿದ್ದ. ಶಾಲಿನಿ ಮಾತ್ರ ಹೊಗಳಿಕೆಗೆ ಉಬ್ಬಿಹೋಗಿದ್ದಳು. "ಮೈದಾ ಹಿಟ್ಟನ್ನ ಮೂರು ಸಲ ಜರಡಿ ಹಿಡಿದೆ ಮಾಮಿ. ಉರಿ ಸಣ್ಣಗಿಟ್ಟು ಪಕ್ಕದಲ್ಲೇ ನಿಂತ್ಕೊಂಡಿದ್ದೆ, ಕೂತ್ಕೊಳ್ಳಲೇ ಇಲ್ಲ," ಎಂದು ಶುರುಮಾಡಿದಳು. ಅವಳು ನಿಂತಿದ್ದು ಬೇರೆಯವರ ಕೇಕಿನ ಡಬ್ಬಿ ಇಸಿದುಕೊಳ್ಳುವಾಗ ಮಾತ್ರ.

ಎರಡನೆಯ ತುಂಡೂ ಮುಗಿದ ಮೇಲೆ ಪ್ರೇಮಮ್ಮ ಯಾರೂ ಕೇಳದೆಯೇ ಒಂದು ದೇವರನಾಮ ಎತ್ತಿಕೊಂಡರು. ಗಂಡ ಜಯರಾಮರಾಯರು ತೀರಿಕೊಂಡ ಮೇಲೆ ಅವರು ಹಾಡಿದ್ದನ್ನು ಮಗನೂ ಕೇಳಿರಲಿಲ್ಲ. ದನಿ ಮೇಲಿನ ಸ್ಥಾಯಿಯಲ್ಲಿ ಒಡೆಯಿತು, ಅವರೇ ನಕ್ಕು ಮತ್ತೆ ಹಿಡಿದರು. ಭಾವನಾಳ ಕಣ್ಣು ತುಂಬಿತು. ತನ್ನ ಕೈಯ ತಿಂಡಿ ತಿಂದು ಅತ್ತೆ ಹಾಡುತ್ತಿದ್ದಾರೆ! ಹಾಡು ಮುಗಿಯುತ್ತಲೇ ತಾನೇ ಹೇಳಿಬಿಡುತ್ತೇನೆ, ಕಾಲಿಗೆ ಬೀಳುತ್ತೇನೆ ಎಂದುಕೊಂಡಳು.

ಹಾಡು ಮುಗಿಯಿತು. ಗಿರಿಧರ್ ಚಪ್ಪಾಳೆ ತಟ್ಟಿದ. ಪ್ರೇಮಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಸೊಸೆಯ ಕಡೆ ತಿರುಗಿದರು. ಅವರ ತುಟಿಯ ಕೊನೆಯಲ್ಲಿ ನಗುವಿತ್ತು.

"ನೋಡಿ ಕಲ್ತುಕೋ ಭಾವನಾ. ನಮ್ಮನೇಲೂ ಓವನ್ ಇದೆ, ಬಟ್ಟೆ ಒಣಗಿಸೋ ಜಾಗದಲ್ಲಿ ಧೂಳು ಕುಡೀತಾ ಕೂತಿದೆ. ಕೈಗುಣ ಅನ್ನೋದು ಹುಟ್ಟಿಂದ ಬರ್ಬೇಕು ಕಣೇ, ಕಲಿಸಿದ್ರೆ ಬರಲ್ಲ."

ಶಾಲಿನಿ ಕಿಸಕ್ಕನೆ ನಕ್ಕಳು. ಗಿರಿಧರ್ ನಗು ತಡೆಯಲು ಕೆಮ್ಮಿದ. ತಿರುಮಲೇಶನೂ ನಕ್ಕ. ಅದನ್ನು ಭಾವನಾ ನೋಡಿದಳು.

ಹುಟ್ಟಿಂದ. ಎರಡು ವರ್ಷ ಸರಿಸಿದ ತಟ್ಟೆಗಳಿಗೆಲ್ಲ ಸೇರಿ ಒಂದು ಮಾತು ಸಿಕ್ಕಿತ್ತು. ಅವಳಿಗೆ ಅಳು ಬರಲಿಲ್ಲ. ತಟ್ಟೆಯನ್ನು ಕೆಳಗಿಟ್ಟಳು.

"ಅತ್ತೆ, ಆ ಕೇಕು ಮಾಡಿದ್ದು ನಾನು."

"ಭಾವನಾ, ಆಮೇಲೆ..." ಎಂದ ತಿರುಮಲೇಶ.

"ಶಾಲಿನಿ ಬರೀ ಹೊತ್ಕೊಂಡ್ ಬಂದದ್ದು. ಮಾಡಿದ್ದು ನಾನು." ಮದರಾಸಿಗೆ ಬಂದಮೇಲೆ ಒಪ್ಪವಾಗಿಸಿಕೊಂಡಿದ್ದ ಮಾತು ಕಳಚಿ ಬಿದ್ದು, ಊರಿನ ಮಾತು ಬಾಯಿಗೆ ಬಂತು. "ಮೂರು ಮೊಟ್ಟೆ ಒಡ್ದು ಹಾಕಿವ್ನಿ. ಅದ್ಕೇ ಬೆಣ್ಣೆ ಹಂಗೆ ಕರಗ್ತಾ ಇರೋದು."

ಅತ್ತೆಯ ಮುಖದ ನಗು ಇಳಿದುಹೋಗುವುದನ್ನು ಭಾವನಾ ಕಣ್ಣು ಕೀಳದೆ ನೋಡಿದಳು. ಸುಳ್ಳೇಕೆ ಹೇಳಬೇಕು, ಆಗ ಅವಳಿಗೆ ಹಿತವೆನಿಸಿತು. ಸೆಕೆಯಲ್ಲಿ ತಣ್ಣೀರು ಸುರಿದುಕೊಂಡಷ್ಟು ಹಿತ.

"ತಮಾಷೆಗೆ ಹೇಳ್ತಿದಾಳೆ ಅಮ್ಮ," ಎಂದ ತಿರುಮಲೇಶ.

ಪ್ರೇಮಮ್ಮ ಮಗನ ಕಡೆ ನೋಡಲೇ ಇಲ್ಲ. "ನಿಜ ಹೇಳು," ಎಂದರು ಸೊಸೆಗೆ.

"ನಿಜಾನೇ ಹೇಳ್ತಿರೋದು."

ಪ್ರೇಮಮ್ಮ ಎದ್ದರು. ಮೊಣಕಾಲು ನೋವಿನಿಂದ ಒಮ್ಮೆ ತಡವರಿಸಿದರು. ಶಾಲಿನಿ ಕೈಚಾಚಿದಾಗ "ಮುಟ್ಬೇಡ" ಎಂದಷ್ಟೇ ಹೇಳಿ ಹಿತ್ತಲಿಗೆ ಹೋದರು. ನಲ್ಲಿ ತಿರುಗಿಸಿದ ಸದ್ದು, ಬಾಯಿ ಮುಕ್ಕಳಿಸಿದ ಸದ್ದು, ಬಕೆಟ್ಟಿನಿಂದ ತಲೆಯ ಮೇಲೆ ನೀರು ಸುರಿದುಕೊಂಡ ಸದ್ದು ಜಗಲಿಗೆ ಒಂದೊಂದಾಗಿ ಕೇಳಿಸಿದವು. ಅರವತ್ತೈದು ವರ್ಷ ಮೊಟ್ಟೆ ಸೋಕದ ಬಾಯಿ. ಇನ್ನು ಮಠಕ್ಕೆ ಹೋಗಬೇಕು, ಆಚಾರ್ಯರ ಮುಂದೆ ನಿಂತು ಇಂಥದ್ದು ತಿಂದೆ ಎಂದು ಹೇಳಬೇಕು, ಪಂಚಗವ್ಯ ಕುಡಿಯಬೇಕು.

"ನಿಜವಾಗ್ಲೂ ಹಾಕಿದ್ಯಾ?" ಎಂದು ತಿರುಮಲೇಶ ಹೆಂಡತಿಯನ್ನು ಒಳಗೆ ಕರೆದು ಕೇಳಿದ. ಗುರುವಾರ ಅವಳ ಪಕ್ಕದಲ್ಲೇ ನಿಂತು ಬಟ್ಟಲಿನ ಹಿಟ್ಟು ನೆಕ್ಕಿದವನು ಅವನು.

ರಾತ್ರಿ ಊಟಕ್ಕೆ ಹೊರಗಿನಿಂದ ಇಡ್ಲಿ, ಪರೋಟ ತರಿಸಿದರು. ಮೊದಮೊದಲು ಎಲ್ಲರೂ ಪಿಸುಮಾತಿನಲ್ಲಿ ತಿಂದರು, ಸ್ವಲ್ಪ ಹೊತ್ತಿಗೆ ಗಿರಿಧರ್ ಮತ್ತೆ ಹಾಡು ಹಾಕಿದ. ದುಡ್ಡು ಕೊಟ್ಟು ಬಂದ ರಜೆ, ಹಾಳು ಮಾಡಿಕೊಳ್ಳುವುದಕ್ಕೆ ಯಾರಿಗೂ ಮನಸ್ಸಿರಲಿಲ್ಲ. "ಪಾಟ್ಟಿ ಏನ್ ಸಾಪ್ಪಿಡಲೆ?" ಎಂದು ವೀಕ್ಷಾ ಎರಡು ಸಲ ಕೇಳಿದಳು. ಅಜ್ಜಿ ಯಾಕೆ ಊಟ ಮಾಡುತ್ತಿಲ್ಲ ಎಂದು ಕೇಳಿದವಳ ತಟ್ಟೆಗೆ ಶಾಲಿನಿ ಇನ್ನೊಂದು ಪರೋಟ ಹಾಕಿದಳು.

ಭಾವನಾಳ ಆ ಹಿತ ಯಾವಾಗಲೋ ಇಳಿದುಹೋಗಿತ್ತು. ತಟ್ಟೆ ಬಿಟ್ಟು ಹಿತ್ತಲಿಗೆ ಬಂದಳು.

ಪ್ರೇಮಮ್ಮ ಮೆಟ್ಟಿಲ ಮೇಲೆ ಒದ್ದೆ ಸೀರೆಯಲ್ಲೇ ಕೂತಿದ್ದರು. ಸಮುದ್ರದ ಗಾಳಿಗೆ ಮೈ ಸಣ್ಣಗೆ ನಡುಗುತ್ತಿತ್ತು. ಭಾವನಾ ಎರಡು ಮೆಟ್ಟಿಲು ಕೆಳಗೆ ನಿಂತಳು.

"ಅತ್ತೆ, ಮೊಟ್ಟೆ ಹಾಕಿಲ್ಲ. ದೇವರಾಣೆ ಹಾಕಿಲ್ಲ. ಸಿಟ್ಟಲ್ಲಿ ಸುಳ್ಳು ಹೇಳ್ದೆ."

"ಗೊತ್ತು," ಎಂದರು ಪ್ರೇಮಮ್ಮ.

ಭಾವನಾ ತಲೆಯೆತ್ತಿದಳು.

"ಗುರುವಾರ ಬಂದಾಗ ಮನೆಯೆಲ್ಲ ಏಲಕ್ಕಿ ಘಮ್ ಅಂತಿತ್ತು. ನಾನು ಮಡೀಲಿ ಹೆಪ್ಪು ಹಾಕಿಟ್ಟ ಮೊಸರು ಅರ್ಧಕ್ಕೆ ಇಳಿದಿತ್ತು. ಮೊಟ್ಟೆ ಹಾಕೋಳಿಗೆ ಅಷ್ಟೊಂದು ಮೊಸರು ಯಾಕೆ?"

ಮೊಟ್ಟೆಯ ಬದಲಿಗೆ ಹಾಕುವ ಪ್ಯಾಕೆಟ್ಟಿನ ಮೊಸರು ಸಾಲದೆ ಬಂದಾಗ ಅತ್ತೆಯ ಪಾತ್ರೆಗೆ ಕೈಹಾಕಿದ್ದು ಭಾವನಾಳಿಗೆ ನೆನಪಾಯಿತು. ಗೊತ್ತಾಗುವುದಿಲ್ಲ ಎಂದುಕೊಂಡಿದ್ದಳು.

"ನೀನು ಮುಟ್ಟಿದ ಮೊಸರನ್ನೇ ಶುಕ್ರವಾರ ಅನ್ನಕ್ಕೆ ಕಲಸ್ಕೊಂಡೆ. ಏನೂ ಆಗ್ಲಿಲ್ಲ. ಈ ಕೇಕು ನೀನೇ ಮಾಡಿದ್ದು ಅಂತ ಗೊತ್ತಿದ್ದೇ ಬಾಯಿಗಿಟ್ಟೆ ಕಣೇ. ನಿನ್ನ ಹೆಸರು ಹೇಳಿ ಹೊಗಳೋಕೆ ನನಗೆ ನಾಲಿಗೆ ಏಳ್ಲಿಲ್ಲ, ಅವಳ ಹೆಸರಲ್ಲಿ ಹೊಗಳ್ದೆ. ಆಮೇಲೆ ರೇಗಿಸ್ದೆ. ರೇಗಿಸಿದ್ರೆ 'ನಾನೇ ಮಾಡಿದ್ದು ಅತ್ತೆ' ಅಂತ ಎದ್ದು ಹೇಳ್ತಾಳೆ, ಆಗ ನಕ್ಕುಬಿಡೋಣ ಅಂದ್ಕೊಂಡಿದ್ದೆ." ಒದ್ದೆ ಸೆರಗನ್ನು ಹಿಂಡಿದರು. "ಹುಟ್ಟಿನ ಮಾತು ಆಡಬಾರದಿತ್ತು. ಹಳೇ ಬಾಯಿ, ಬಂದುಬಿಡ್ತು."

ಭಾವನಾ ಮೆಟ್ಟಿಲ ಮೇಲೆ ಕೂತಳು. ಎರಡು ವರ್ಷದಿಂದ ಕಾದಿದ್ದು ಸಂಜೆಯೇ ಅವಳ ಕೈಗೆ ಬಂದಿತ್ತು. ಬಂದದ್ದನ್ನು ಅವಳು ಗುರುತಿಸಿರಲಿಲ್ಲ.

"ತಪ್ಪಾಯ್ತು ಅತ್ತೆ. ಗೊತ್ತಿದ್ಮೇಲೆ ಯಾಕೆ ಸ್ನಾನ ಮಾಡಿದ್ರಿ? ಯಾಕೆ ಉಪವಾಸ ಕೂತಿದೀರಿ?"

"ಅಷ್ಟು ಜನರ ಮುಂದೆ ಮೊಟ್ಟೆ ತಿನ್ನಿಸ್ದೆ ಅಂತ ಹೇಳಿದ್ಯಲ್ಲ. ಸುಮ್ನೆ ಕೂತಿದ್ರೆ ಪ್ರೇಮಮ್ಮ ತಿಂದು ಅರಗಿಸ್ಕೊಂಡ್ಲು ಅಂತಿರ್ಲಿಲ್ವಾ?"

"ಈಗಲೇ ಒಳಗೆ ಹೋಗಿ ನಿಜ ಹೇಳ್ತೀನಿ."

"ಬೇಡ." ದನಿ ಏರಲಿಲ್ಲ. "ಹೇಳಿದ್ರೆ, ಅತ್ತೆ ಹೊಟ್ಟೆ ಉರಿಸೋಕೆ ಸುಳ್ಳು ಹುಟ್ಟಿಸಿದ ಸೊಸೆ ಅಂತ ಶಾಲಿನಿ ಸೋಮವಾರ ಬಿಲ್ಡಿಂಗೆಲ್ಲ ಸಾರ್ತಾಳೆ. ನನ್ನ ಮಗನ ಮನೆ ಅದು. ತಿಳೀದೆ ತಿಂದ ಮುದುಕಿ ನಾನಾಗಿರ್ತೀನಿ, ವಾಸಿ. ಮಠದಲ್ಲೂ ಹಾಗೇ ಹೇಳ್ಕೋತೀನಿ."

"ನೀವು ಯಾಕೆ ಅತ್ತೆ ಸುಳ್ಳು..."

"ನೀನು ಹೇಳಿದ್ದೇ ತಾನೆ ಸುಳ್ಳು? ಅದನ್ನ ನಾನು ಹೊರ್ತೀನಿ, ನೀನು ನೋಡ್ಕೊಂಡಿರು." ಪ್ರೇಮಮ್ಮ ಗೋಡೆ ಹಿಡಿದು ಎದ್ದರು. "ಕೇಕಲ್ಲಿ ಮೊಟ್ಟೆ ಇರ್ಲಿಲ್ಲ ಭಾವನಾ. ಅಂಥದ್ದು ನನ್ನ ಬಾಯಿಗೆ ಹಾಕ್ಬೇಕು ಅಂತ ನಿನ್ನ ಮನಸ್ಸಿಗೆ ಬಂತಲ್ಲ, ಅದನ್ನ ಇನ್ನು ನಾನು ತಿನ್ನಲಾರೆ."

ಮರುದಿನ ಬೆಳಿಗ್ಗೆ ಎಲ್ಲರೂ ಜಗಲಿಯಲ್ಲಿ ಸೇರಿದರು. ಬೇಯಿಸಿದ್ದೇನನ್ನೂ ಮುಟ್ಟುವುದಿಲ್ಲ ಎಂದು ಪ್ರೇಮಮ್ಮ ಹೇಳಿದ್ದರಿಂದ ತಿರುಮಲೇಶ ರಸ್ತೆಬದಿಯಿಂದ ನುಂಗನ್ನು, ತಾಳೆಕಾಯಿಯ ಎಳೆಯ ತಿರುಳನ್ನು, ಕೊಯ್ಯಿಸಿಕೊಂಡು ತಂದಿದ್ದ. ಅವರು ಮೂಲೆಯ ಕುರ್ಚಿಯಲ್ಲಿ ಕೂತು ಒಂದನ್ನು ಕೈಗೆ ತೆಗೆದುಕೊಂಡರು. ಸಮುದ್ರ ಶಾಂತವಾಗಿತ್ತು. ಹಾಡು ನಡೆದೇ ಇತ್ತು.

ಗಿರಿಧರ್ ಮೂಲೆಯ ಅಂಗಡಿಗೆ ಫೋನು ಮಾಡಿ ತಿಂಡಿ ಹೇಳುತ್ತಿದ್ದ. ನುಂಗಂಬಾಕ್ಕಂನ ಆಫೀಸಿನ ಹಿಂದಿನ ಗಾಡಿಯಲ್ಲಿ ತಿರುಮಲೇಶನ ಜತೆ ವಾರಕ್ಕೆರಡು ಸಲ ಆಮ್ಲೆಟ್ ತಿನ್ನುವ ಗಿರಿಧರ್ ಫೋನಿಗೆ ಕೈ ಅಡ್ಡ ಹಿಡಿದು ಕೇಳಿದ:

"ಹೇಗೂ ಶುರು ಆಗಿದೆ. ಮಾಮಿಗೂ ಒಂದು ಆಮ್ಲೆಟ್ ಹೇಳಿಬಿಡ್ಲಾ?"

ಶಾಲಿನಿ ಗಂಡನ ಬೆನ್ನಿಗೆ ಗುದ್ದಿದಳು, ಗುದ್ದುತ್ತಲೇ ನಕ್ಕಳು. ತಿರುಮಲೇಶ "ಏಯ್, ಸುಮ್ನಿರೋ" ಎಂದ. ಅವನ ಭುಜವೂ ನಗುವಿಗೆ ಕುಲುಕಿತು. ಅರ್ಥವಾಗದ ವೀಕ್ಷಾ ಎಲ್ಲರಿಗಿಂತ ಜೋರಾಗಿ ನಕ್ಕಳು.

ಭಾವನಾ ಬಾಯಿ ತೆರೆದಳು. ಪ್ರೇಮಮ್ಮ ಅವಳನ್ನು ಒಮ್ಮೆ ನೋಡಿ, ಬೇರೆ ಯಾರಿಗೂ ಕಾಣದಷ್ಟು ಸಣ್ಣಗೆ ಬೇಡವೆಂದು ತಲೆಯಾಡಿಸಿದರು. ಭಾವನಾ ಬಾಯಿ ಮುಚ್ಚಿದಳು.

ಪ್ರೇಮಮ್ಮ ನುಂಗಿನ ಸಿಪ್ಪೆಯನ್ನು ಉಗುರಿನಿಂದ ಎಬ್ಬಿಸುತ್ತಾ ಹೋದರು. ಒಂದು ಕಡೆ ಉಗುರು ಆಳಕ್ಕೆ ಇಳಿದು ಒಳಗಿನ ನೀರು ಮಣಿಕಟ್ಟಿನವರೆಗೆ ಹರಿಯಿತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ.