ಭಟ್ಟಿಯಲ್ಲಿ ಹುರಿದ ಮಣ್ಣು

ಮರಿಸ್ವಾಮಿಯ ಗೊಬ್ಬರದಂಗಡಿಯ ಹಿತ್ತಲಲ್ಲಿ ಭತ್ತಕ್ಕೆ ಹೊಡೆಯುವ ಕೀಟನಾಶಕದ ಡ್ರಮ್ಮು ಒಡೆದು ವಿಷ ಮಣ್ಣಿಗಿಳಿಯಿತು. ಬಾವಿಯ ನೀರು ನಾರತೊಡಗಿದಾಗ ಸಿಂಧನೂರಿನ ಆ ಓಣಿಯವರು ಅರ್ಜಿ ಕೊಟ್ಟರು. ತೊಂಬತ್ತನಾಲ್ಕನೇ ಇಸವಿಯ ಬೇಸಿಗೆ. ರಾಯಚೂರಿನಿಂದ ಸಾಹೇಬರೊಬ್ಬರು ಬಂದರು.

"ಮಣ್ಣು ಅಗೆದು ಚೆನ್ನಾಗಿ ಕಾಯಿಸ್ರಿ, ವಿಷ ಆವಿಯಾಗಿ ಹೋಗ್ತದ. ಆದರ ಆ ಆವಿ ಹಿಡಿಯಾಕ ಮಷೀನು ಬೇಕು."

ಮರಿಸ್ವಾಮಿ ಮೊದಲ ಮಾತಷ್ಟೇ ಕೇಳಿಸಿಕೊಂಡ. ಜಾಣಕಿವುಡು ಅವನಿಗೆ ಹೊಸದಲ್ಲ.

ಮಸ್ಕಿ ರಸ್ತೆಯಲ್ಲಿ ನಮ್ಮದು ಮಂಡಾಳು ಭಟ್ಟಿ. ಕಾದ ಉಸುಕಿನಲ್ಲಿ ಅಕ್ಕಿ ಅರಳಿಸುವುದು ನನ್ನ ಗಂಡ ಚಾಂದ್‌ಪಾಷಾ ಅವರಿಗೆ ಅಜ್ಜನಿಂದ ಬಂದ ಕಸುಬು. ಮರಿಸ್ವಾಮಿ ನೇರ ಅಲ್ಲಿಗೇ ಬಂದ.

"ಪಾಷಾ, ದಿನಾ ಉಸುಕು ಹುರಿಯಾಂವ ನೀ. ಮಣ್ಣು ಹುರಿಯಾಕ ಏನು ಧಾಡಿ? ನಿನ್ನಂಥ ಕೈ ರಾಯಚೂರಾಗೂ ಇಲ್ಲ."

"ಬ್ಯಾಡ್ರಿ, ಮಂದಿ ತಿನ್ನೋದನ್ನ ಹುರಿಯೋ ಕಡಾಯಿ ಅದು," ಎಂದೆ ನಾನು.

"ಬೆಂಕ್ಯಾಗ ಬಿದ್ದದ್ದೆಲ್ಲ ಪಾಕ್ ಆಗತೈತಿ, ಸುಮ್ಕಿರು," ಎಂದರು ನಮ್ಮವರು. ಹೊಗಳಿದರೆ ಅಟ್ಟಕ್ಕೇರುವ ಜೀವ.

ಆರು ದಿನ ಹುರಿದರು. ಉಸುಕಿನ ಹದ ನೋಡುವಂತೆ ಮಣ್ಣಿಗೂ ನಾಲ್ಕು ಕಾಳು ಅಕ್ಕಿ ಒಗೆಯುವರು. ಅಕ್ಕಿ ಅರಳಿತೋ, ಮಣ್ಣು ಶುದ್ಧ! ಹೊಗೆಗೆ ನನ್ನ ಕಣ್ಣು ಉರಿಯುತ್ತಿದ್ದವು. ಮಣ್ಣು ಬಿಟ್ಟ ವಿಷ ಎಲ್ಲಿಗೆ ಹೋಯಿತೆಂದು ಯಾವ ಶಾಣ್ಯಾನೂ ಕೇಳಲಿಲ್ಲ. ಆರನೇ ದಿನಕ್ಕೆ ನಮ್ಮವರ ಎದೆ ಗೊರಗುಟ್ಟುತ್ತಿತ್ತು, ಕೆಮ್ಮು ಹತ್ತಿತ್ತು.

ಸಾಹೇಬರು ಪರೀಕ್ಷೆ ಮಾಡಿಸಿ ಮಣ್ಣು ಚೊಕ್ಕ ಎಂದು ಬರೆದುಕೊಟ್ಟರು. ಮರಿಸ್ವಾಮಿ ಆ ಕಾಗದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಬಿಟ್ಟ. ನಮ್ಮ ಮಂಡಾಳು ಮಾತ್ರ ಯಾರೂ ಮುಟ್ಟಲಿಲ್ಲ. ಹೊಸ ಕಡಾಯಿ ತಂದೆವು, ಹೊಳೆಯಿಂದ ಹೊಸ ಉಸುಕು ತರಿಸಿದೆವು. ಊಹೂಂ. ಭಟ್ಟಿಯನ್ನೇ ಮುಚ್ಚುವ ಹಾಗಾಯಿತು.

ಕೊನೆಗೆ ಬಿಸಿ ಮಂಡಾಳಿನ ಬುಟ್ಟಿ ಹೊತ್ತು ಮರಿಸ್ವಾಮಿಯ ಅಂಗಡಿಗೇ ಹೋದೆವು. ಹತ್ತಿಪ್ಪತ್ತು ಜನ ಕೂಡಿದರು.

"ಸ್ವಾಮೇರ, ಮಂದಿ ಎದುರು ಒಂದು ಹಿಡಿ ತಿನ್ರಿ. ನೀವು ತಿಂದ್ರ ಊರು ತಿಂತೈತಿ," ಎಂದು ನಮ್ಮವರು ಕೈಮುಗಿದರು.

"ಇವತ್ತು ಸೋಮವಾರ ಪಾಷಾ, ಉಪಾಸ ಅದೀನಿ."

ಅವನ ಗಲ್ಲಾಪೆಟ್ಟಿಗೆಯ ಮೇಲೆ ಒಗ್ಗರಣೆ ಮಂಡಾಳು, ಅರ್ಧ ಕಚ್ಚಿದ ಮಿರ್ಚಿ ಇದ್ದವು.

"ಅದೇನ್ರೀ ಹಂಗಾರ?" ಎಂದೆ.

"ಅದು ಲಿಂಗಸುಗೂರಿಂದು, ದಾವಲ್‌ಬೀ," ಎಂದ, ನಾಚಿಕೆಯಿಲ್ಲದೆ.

ನಮ್ಮವರು ಬುಟ್ಟಿಗೆ ಕೈಹಾಕಿ ಎಲ್ಲರಿಗೂ ಕಾಣುವಂತೆ ತಾವೇ ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಎರಡು ಸಲ ಅಗಿದದ್ದೇ ತಡ, ಕೆಮ್ಮು ಒತ್ತರಿಸಿ ಬಂತು. ನಿಲ್ಲಲೇ ಇಲ್ಲ. ಬಿಳಿ ಮಂಡಾಳು ಬಾಯಿಂದ ನೆಲಕ್ಕೆ ಸಿಡಿಯಿತು.

ನಿಂತವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು.