ಗುಂಡಿಯಿಲ್ಲದ ಪುಣ್ಯ

ಮಧ್ಯಯುಗದ ಯುರೋಪಿನಲ್ಲಿ ಚರ್ಚಿನ ಏಜೆಂಟರು ಊರೂರಿಗೆ ಬಂದು ಕ್ಷಮಾಪತ್ರ ಮಾರುತ್ತಿದ್ದರು, ದುಡ್ಡು ಕೊಟ್ಟವರಿಗೆ ಪಾಪದ ಶಿಕ್ಷೆ ಮಾಫಿಯಾಗುತ್ತಿತ್ತು ಎಂದು ಬಂಗಾಳದ ಜಾದವ್‌ಪುರದ ಕಾಲೇಜೊಂದರಲ್ಲಿ ನಿವೃತ್ತಿಯಾಗುವವರೆಗೂ ಪಾಠ ಹೇಳಿದವಳು ನಾನು. ಹುಡುಗಿಯರು ನಗುತ್ತಿದ್ದರು. ಜನ ಅಷ್ಟು ದಡ್ಡರಿದ್ದರಾ ಎಂದು ಕೇಳುತ್ತಿದ್ದರು. ಇದ್ದರು, ಈಗಿಲ್ಲ ಎಂದು ನಾನೂ ಗಂಭೀರವಾಗಿ ಹೇಳುತ್ತಿದ್ದೆ. ಕಸ್ಬಾದ ಅಂಚಿನ ಟ್ರಸ್ಟ್ ಶಾಲೆಯಲ್ಲಿ ಪುಕ್ಕಟೆ ಪಾಠ ಹೇಳಲು ಸೇರಿದ ಮೇಲೆ ಆ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಶಾಲೆಯೆಂದರೆ ತಗಡಿನ ಮಾಡಿನ ಎರಡು ಕೋಣೆ. ಶೌಚಾಲಯವಿಲ್ಲ. ಹಿಂದುಗಡೆ ಒಂದು ಪುಕುರ್, ಅಂದರೆ ಕೊಳ, ಅದರ ದಂಡೆಗೆ ಬಿದಿರ ಮೆಳೆ. ಹೆಣ್ಣುಮಕ್ಕಳಿಗೆ ಅದೇ ಮರೆ. 2005ರಲ್ಲಿ ಒಂದು ಸಾಫ್ಟ್‌ವೇರ್ ಕಂಪನಿ ಆ ಪುಕುರ್ ಮುಚ್ಚಿಸಿ, ಮೆಳೆ ಕಡಿಸಿ, ಗಾಜಿನ ಕಟ್ಟಡ ಎಬ್ಬಿಸಿತು. ಅಭಿವೃದ್ಧಿ ಅಂದರೆ ಹಾಗೇ. ಅವರ ಗಾಜಿನಲ್ಲಿ ನಮ್ಮ ಶಾಲೆ ಈಗ ಎರಡೆರಡು ಕಾಣುತ್ತದೆ. ಮಕ್ಕಳಿಗೆ ಹೋಗುವುದಕ್ಕೆ ಜಾಗ ಮಾತ್ರ ಒಂದೂ ಇಲ್ಲ.

ದೊಡ್ಡ ಹುಡುಗಿಯರು ಒಬ್ಬೊಬ್ಬರಾಗಿ ಶಾಲೆ ಬಿಟ್ಟರು. ಏಳನೇ ಕ್ಲಾಸಿನ ಟುಂಪಾ ಉಳಿದಿದ್ದಳು. ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿಯದೆ ಕೂತು ಲೆಕ್ಕ ಮಾಡುತ್ತಿದ್ದಳು. ಅವಳಿಗೆ ಜ್ವರ ಬಂದು ಡಾಕ್ಟರ್ ಮೂತ್ರದ ಸೋಂಕು ಎಂದ ದಿನ ಅವಳ ತಾಯಿ ನನ್ನ ಬಳಿ ಬಂದು, ದುರ್ಗಾಪೂಜೆಯ ರಜೆ ಮುಗಿದ ಮೇಲೆ ಮಗಳನ್ನು ಕಳಿಸುವುದಿಲ್ಲ ಎಂದಳು. ಅಷ್ಟರೊಳಗೆ ಶೌಚಾಲಯ ಕಟ್ಟಿಸುತ್ತೇನೆ ಎಂದು ಮಾತು ಕೊಟ್ಟೆ.

ಟ್ರಸ್ಟಿನ ಕಾರ್ಯದರ್ಶಿ ಶ್ಯಾಮಸುಂದರ ನಮ್ಮ ಮೈಸೂರಿನ ಕಡೆಯವರೇ. ಅವರ ಕೆಲಸದ ವೈಖರಿ ನೋಡಿಯೇ ಕಲಿಯಬೇಕು. ಯಾವ ಕಂಪನಿ ದಾನ ಕೊಡಲು ಬಂದರೂ ಮುಂದಿನ ಗೋಡೆಗೆ ಬಣ್ಣ ಹೊಡೆಸುತ್ತಿದ್ದರು. ಒಂದು ಕಂಪನಿಯ ನೀಲಿ ಒಣಗುವಷ್ಟರಲ್ಲಿ ಇನ್ನೊಂದರ ಹಳದಿ. ಗೋಡೆ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿತ್ತು, ಮಕ್ಕಳು ಮಾತ್ರ ಇದ್ದ ಹಾಗೇ ಇದ್ದರು. ನಾನು ಶೌಚಾಲಯದ ಮಾತೆತ್ತಿದಾಗಲೆಲ್ಲ, ಅದರ ಮೇಲೆ ಯಾರು ಹೆಸರು ಹಾಕಿಸಿಕೊಳ್ಳುತ್ತಾರೆ ಎಂದು ನಗುತ್ತಿದ್ದರು.

ಅಷ್ಟರಲ್ಲಿ ಕಂಪನಿ ಕಾನೂನು ಮೀರಿ ಪುಕುರ್ ಮುಚ್ಚಿಸಿದ ಸುದ್ದಿ ಪೇಪರಿನಲ್ಲಿ ಬಂತು. ಮರುವಾರವೇ ಗಾಜಿನ ಕಟ್ಟಡದಿಂದ ರಂಜಿತ್ ಇಳಿದು ಬಂದ. ಬೆಂಗಳೂರಿನ ಹುಡುಗ, ಕಂಪನಿಯ ಮ್ಯಾನೇಜರ್, ಕನ್ನಡ ಕೇಳಿ ಖುಷಿಪಟ್ಟು ನನ್ನನ್ನು ಆಂಟಿ ಎಂದ. ಕಂಪನಿಗೆ ಹೆಣ್ಣುಮಕ್ಕಳ ಬಗ್ಗೆ ತುಂಬಾ ಕಾಳಜಿ ಎಂದ. ಗೋವು ಕೊಂದು ಕೆರ ದಾನ ಮಾಡುವವರನ್ನು ಕಂಡಿದ್ದೆ. ಆದರೆ ಟುಂಪಾಗೆ ಬೇಕಾಗಿದ್ದುದು ಆ ಕೆರವೇ ಆದ್ದರಿಂದ ನಾನು ಬಾಯಿ ಮುಚ್ಚಿಕೊಂಡೆ.

ಪೂಜೆಗೆ ಮೊದಲೇ ಶೌಚಾಲಯ ಎದ್ದಿತು. ಗುಲಾಬಿ ಟೈಲ್ಸು, ಬಾಗಿಲ ಮೇಲೆ ಚಿಟ್ಟೆಗಳು, ಪಕ್ಕದಲ್ಲಿ ಕಂಪನಿಯ ಹೆಸರಿನ ಗ್ರಾನೈಟ್ ಫಲಕ. ನನಗೆ ನಿಜಕ್ಕೂ ಕಣ್ಣು ತುಂಬಿತು. ಉದ್ಘಾಟನೆಗೆ ಟುಂಪಾ ಹೊಸ ಫ್ರಾಕ್ ಹಾಕಿಕೊಂಡು ಬಂದಳು. ರಂಜಿತ್ ರಿಬ್ಬನ್ ಕತ್ತರಿಸಿದ, ಎಲ್ಲರೂ ಚಪ್ಪಾಳೆ ತಟ್ಟಿದರು, ಫೋಟೋದವನು ಟುಂಪಾಳನ್ನು ಬಾಗಿಲ ಮುಂದೆ ನಿಲ್ಲಲು ಕರೆದ. ಹುಡುಗಿ ನಿಲ್ಲಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಶೌಚಾಲಯ ಕಟ್ಟಿದ್ದು ಹೋಗುವುದಕ್ಕೆ ಎಂದು ನಂಬಿದ್ದವಳು ಅಲ್ಲಿ ಅವಳೊಬ್ಬಳೇ.

ಅವಳು ಒಳಗೆ ಬಕೆಟ್ ನೀರು ಸುರಿದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಆ ನೀರು ಹಿಂದಿನ ಗೋಡೆಯ ಬುಡದಿಂದ ಹೊರಬಂದು, ಮುಂದಕ್ಕೆ ಸುತ್ತಿ, ಅತಿಥಿಗಳ ಕುರ್ಚಿಗಳ ಕೆಳಗೆ ನಿಧಾನವಾಗಿ ಹರಿಯಿತು. ಎಲ್ಲರೂ ಕಾಲು ಮೇಲೆತ್ತಿಕೊಂಡರು. ಹೊರಗೆ ಬಂದ ಟುಂಪಾ ನೆಲ ನೋಡಿದಳು, ಜನರನ್ನು ನೋಡಿದಳು, ಮುಖ ಮುಚ್ಚಿಕೊಂಡು ಓಡಿದಳು.

ಶ್ಯಾಮಸುಂದರ ನನ್ನನ್ನು ಪಕ್ಕಕ್ಕೆ ಕರೆದರು.

"ಮೇಡಂ, ಇದು ಮೊದಲ್ನೇ ಹಂತ. ಗುಂಡಿ, ಪೈಪು ಎಲ್ಲಾ ಎರಡ್ನೇ ಹಂತಕ್ಕೆ ಬರತ್ತೆ. ಅದಕ್ಕೆ ಬೇರೆ ಡೋನರ್ ನೋಡ್ಬೇಕು. ನೆಲದೊಳಗಿರೋದರ ಫೋಟೋ ಯಾರು ತೆಗೀತಾರೆ ಹೇಳಿ."

ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು. ಪೋಪನ ಮೇಲೆ ನನಗೆ ಅಂದೇ ಗೌರವ ಹುಟ್ಟಿದ್ದು. ಕ್ಷಮಾಪತ್ರ ಮಾರಿದ ದುಡ್ಡಿನಲ್ಲಿ ರೋಮಿನಲ್ಲಿ ಒಂದು ಚರ್ಚಾದರೂ ಎದ್ದಿತು, ಅದಕ್ಕೆ ತಳಪಾಯವೂ ಇತ್ತು. ರಂಜಿತ್ ಶೂ ಒರೆಸಿಕೊಂಡು, ಒಣಗಿದ ಕಡೆ ನಿಂತು, ಬೇರೆ ಹುಡುಗಿಯನ್ನು ಕರೆಸಿ ಫೋಟೋ ತೆಗೆಸಿಕೊಂಡ. ಅದು ಪೇಪರಿನಲ್ಲಿ ಬಂತು. ಪುಕುರಿನ ಸುದ್ದಿ ಮತ್ತೆ ಬರಲಿಲ್ಲ.

ಅಂದು ಸಂಜೆ ಟುಂಪಾಳ ತಾಯಿಯ ಮುಂದೆ ತಲೆ ತಗ್ಗಿಸಿ ನಿಂತೆ. ನನ್ನ ಫ್ಲಾಟು ಶಾಲೆಯ ಹಿಂದಿನ ಗಲ್ಲಿಯಲ್ಲೇ ಇದೆ, ಇನ್ನು ಮುಂದೆ ಹುಡುಗಿಯರು ಅಲ್ಲಿಗೇ ಬರಲಿ ಎಂದೆ. ಅವಳು ಪೂಜೆಯ ನಂತರ ಮಗಳನ್ನು ಕಳಿಸಿದಳು. ಬಿಟ್ಟುಹೋಗಿದ್ದವರಲ್ಲಿ ಇಬ್ಬರು ವಾಪಸ್ ಬಂದರು. ನನ್ನ ಗಂಡ ನರಸಿಂಹಮೂರ್ತಿ ರೈಲ್ವೆಯಲ್ಲಿದ್ದು ನಿವೃತ್ತರಾದವರು. ಶೇವಿಂಗ್ ಸಾಮಾನನ್ನು ಅಡುಗೆಮನೆಯ ಸಿಂಕಿಗೆ ಸಾಗಿಸಿ, ಮೊದಲ ದಿನ ಗೊಣಗಿದರು, ಆಮೇಲೆ ಬಕೆಟ್ ತುಂಬಿಸಿಡತೊಡಗಿದರು.

ಪುಣ್ಯದ ವಾಸನೆ ದೂರ ಹೋಗುತ್ತದೆ. ಒಂದು ಶನಿವಾರ ಬಾಗಿಲು ತೆರೆದರೆ ಶ್ಯಾಮಸುಂದರ, ರಂಜಿತ್, ಫೋಟೋದವನು, ಕೈಯಲ್ಲಿ ಹಿತ್ತಾಳೆಯ ಫಲಕ ಹಿಡಿದ ಒಬ್ಬ ಬಡಗಿ. ಎರಡನೇ ಹಂತ ನಮ್ಮ ಮನೆಯಲ್ಲೇ ಮುಗಿದಿದೆಯಂತೆ. ಬೇರೆ ಡೋನರ್ ಬೇಕಾಗಲಿಲ್ಲವಂತೆ, ಕಂಪನಿಯೇ ಅದಕ್ಕೂ ಟ್ರಸ್ಟಿಗೆ ದುಡ್ಡು ಕೊಟ್ಟಾಗಿದೆಯಂತೆ. ಬಾತ್‌ರೂಮ್ ಬಾಗಿಲಿಗೆ ಒಂದು ಫಲಕ, ಅದರ ಮುಂದೆ ಹುಡುಗಿಯ ಒಂದು ಫೋಟೋ, ಅಷ್ಟೇ. ಅವರು ಇದನ್ನೆಲ್ಲ ಹೇಳುತ್ತಿದ್ದಾಗಲೇ ಟುಂಪಾ ಮೆಟ್ಟಿಲೇರಿ ಓಡಿ ಬಂದಳು. ಅವರನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟಳು, ತಿರುಗಿ ಹೋಗುವವಳ ಹಾಗೆ.

ನಾನು ಅವಳ ಕೈ ಹಿಡಿದು ಎಲ್ಲರನ್ನೂ ದಾಟಿಸಿಕೊಂಡು ಹೋಗಿ ಬಾತ್‌ರೂಮಿನೊಳಗೆ ಬಿಟ್ಟೆ. ಚಿಲಕ ಹಾಕಿಕೋ, ಯಾರು ಕರೆದರೂ ತೆಗೆಯಬೇಡ ಎಂದು ಬಂಗಾಳಿಯಲ್ಲಿ ಹೇಳಿದೆ. ಆಮೇಲೆ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಎಳೆದುಕೊಂಡು ಕೂತೆ.

ರಂಜಿತ್ ಗಡಿಯಾರ ನೋಡಿಕೊಂಡ. "ಎಷ್ಟೊತ್ತಾಗತ್ತೆ ಆಂಟಿ?"

"ಅವಳಿಗೆ ಎಷ್ಟೊತ್ತು ಬೇಕೋ ಅಷ್ಟೊತ್ತು."

ಒಳಗೆ ಚಿಲಕ ಬಿತ್ತು. ನಲ್ಲಿ ತಿರುಗಿತು. ಟುಂಪಾ ಆತುರಪಡಲಿಲ್ಲ.